ಹೆಸರಿನ ಕೆಳಗೆ ಏನು ಹಾಕಲಿ?

ಶಿವಾಜಿನಗರದ ಬಸ್ ನಿಲ್ದಾಣದಿಂದ ರಸೆಲ್ ಮಾರುಕಟ್ಟೆಯ ಕಡೆಗೆ ಹೊರಳುವ ಗಲ್ಲಿಗಳಲ್ಲೊಂದರಲ್ಲಿ, ಒಂದು ಮಗ್ಗುಲಿಗೆ ಅತ್ತರಿನ ಅಂಗಡಿಯೂ ಇನ್ನೊಂದು ಮಗ್ಗುಲಿಗೆ ಹಳೆಯ ಮೋಟಾರು ಬಿಡಿಭಾಗಗಳ ಗುಜರಿಯೂ ಒತ್ತಿಕೊಂಡಿರುವ ಇಕ್ಕಟ್ಟಿನ ನಡುವೆ, ತಂದೆಯಿಂದ ಮಗನಿಗೆ ಇಳಿದುಬಂದ ಒಂದು ಸಣ್ಣ ಮುದ್ರಣಾಲಯವಿದೆ. ಇಪ್ಪತ್ತಾರು ವರ್ಷಗಳ ಕಾಲ ಒಂದೇ ದಿನಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿ ಕುಳಿತು, ಅನ್ಯರ ವರದಿಗಳನ್ನು ತಿದ್ದಿ, ಶೀರ್ಷಿಕೆಗಳನ್ನು ಕೊಟ್ಟು, ನಡುರಾತ್ರಿಯ ಪುಟಗಳನ್ನು ಅಚ್ಚಿಗೆ ಕಳುಹಿ, ಐವತ್ತೆರಡನೆಯ ವಯಸ್ಸಿನಲ್ಲಿ ಆ ಉದ್ಯೋಗದಿಂದ ಹೊರಬಂದ ಮೂರನೆಯ ವಾರದಲ್ಲಿ ನಾನು ಆ ಮುದ್ರಣಾಲಯದ ಮೆಟ್ಟಿಲನ್ನು ಹತ್ತಿದೆನು. ನನಗೆ ಬೇಕಾಗಿದ್ದುದು ನೂರು ವಿಸಿಟಿಂಗ್ ಕಾರ್ಡು.

ಮುದ್ರಣಾಲಯದ ಯಜಮಾನರು ಅರವತ್ತು ದಾಟಿದ ಸಾಹೇಬರು. ಕನ್ನಡ, ದಖನಿ, ತಮಿಳು ಈ ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲ, ಬೆಂಗಳೂರಿನ ದಂಡು ಪ್ರದೇಶದ ಮನುಷ್ಯರು. ನನ್ನ ಹೆಸರನ್ನು ಬರೆದುಕೊಂಡು ತಲೆಯೆತ್ತಿ, “ಹೆಸರಿನ ಕೆಳಗೆ ಏನು ಹಾಕಲಿ ಸಾರ್?” ಎಂದರು. “ಹವ್ಯಾಸಿ ಪತ್ರಕರ್ತ” ಎಂದೆನು. ಅವರು ಲೇಖನಿಯನ್ನು ಕಾಗದದ ಮೇಲೆಯೇ ನಿಲ್ಲಿಸಿ, ಕುಹಕದ ಲವಲೇಶವೂ ಇಲ್ಲದ ದನಿಯಲ್ಲಿ, “ಹವ್ಯಾಸ ಅಂದ್ರೆ ಶೋಕಿ ಅಲ್ವಾ ಸಾರ್? ಹೊಟ್ಟೆಪಾಡಿಗೆ ಏನು ಮಾಡ್ತೀರಿ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. “ಸದ್ಯಕ್ಕೆ ಹೆಸರು, ಫೋನ್ ನಂಬರು ಇಷ್ಟೇ ಇರಲಿ ಭಾಯಿ” ಎಂದೆನು. ಅವರು ನೂರು ಕಾರ್ಡಿನ ದರವನ್ನು ಹೇಳಿ, ಅರ್ಧ ಹಣವನ್ನು ಮುಂಗಡವಾಗಿ ತೆಗೆದುಕೊಂಡು, ರಸೀದಿಯನ್ನು ಹರಿದುಕೊಟ್ಟರು.

ಆ ಸಂಜೆ ಮನೆಗೆ ನಡೆದು ಬರುವಾಗ ಅವರ ಪ್ರಶ್ನೆ ನನ್ನ ಜೊತೆಗೇ ಬಂದಿತು. ಸಂಬಳವಿಲ್ಲದೆ, ಯಾವ ಪತ್ರಿಕೆಗೂ ಕಟ್ಟುಬೀಳದೆ, ಬರೆದುದಕ್ಕೆ ಬಂದಷ್ಟರಲ್ಲಿ ಬಾಳುವವನನ್ನು ‘ಹವ್ಯಾಸಿ’ಯೆಂದು ಕರೆಯುವ ವಾಡಿಕೆ ನಮ್ಮ ಭಾಷೆಯಲ್ಲಿ ಹೇಗೋ ನೆಲೆಗೊಂಡಿದೆ. ರಂಗಭೂಮಿಯಲ್ಲಿ ಈ ಶಬ್ದಕ್ಕೆ ಔಚಿತ್ಯವಿದೆ. ಊರೂರಿಗೆ ಡೇರೆ ಹೊತ್ತು ನಾಟಕದಿಂದಲೇ ಹೊಟ್ಟೆ ಹೊರೆದುಕೊಂಡುದು ವೃತ್ತಿ ರಂಗಭೂಮಿ. ಹಗಲು ಕಚೇರಿಯಲ್ಲಿ ದುಡಿದು, ಸಂಜೆ ಮುಖಕ್ಕೆ ಬಣ್ಣ ಹಚ್ಚಿಕೊಂಡುದು ಹವ್ಯಾಸಿ ರಂಗಭೂಮಿ. ಅದೇ ಶಬ್ದವನ್ನು ತಂದು, ಹಗಲೂ ಸಂಜೆಯೂ ಬರವಣಿಗೆಯೊಂದನ್ನೇ ನಂಬಿದವನ ಹೆಸರಿನ ಕೆಳಗೆ ಅಂಟಿಸಿದರೆ, ಅವನ ದುಡಿಮೆಗೆ ಬೆಲೆ ಕಟ್ಟಬೇಕಾದ ಹೊಣೆ ಎಲ್ಲರ ಹೆಗಲಿನಿಂದಲೂ ಸದ್ದಿಲ್ಲದೆ ಇಳಿದುಹೋಗುತ್ತದೆ. ಅನುಭವಸ್ಥನಾದ ಬರಹಗಾರನು ಕೆಲಸವನ್ನು ಅರಸಿ ಹೊರಟಾಗ ಎದುರಿಸಬೇಕಾದ ಮೊದಲನೆಯ ತೊಡಕು ಈ ಶಬ್ದದಲ್ಲಿಯೇ ಅಡಗಿದೆಯೆಂದು ನನಗೆ ಅಂದು ತೋರಿತು. ಐದು ವರ್ಷಗಳ ಅನಂತರವೂ ಹಾಗೆಯೇ ತೋರುತ್ತದೆ.

ದಂಡಿನ ನೆಲ, ಪತ್ರಿಕೆಯ ಬೀದಿ

ನನ್ನ ಮನೆ ಹಲಸೂರು ಕೆರೆಯ ಹಿಂಬದಿಯಲ್ಲಿದೆ. ಪೇಟೆಯ ಬೆಂಗಳೂರಿನವರು ಇಂದಿಗೂ ‘ದಂಡು’ ಎಂದು ಕರೆಯುವ ಈ ಭಾಗವು ಕನ್ನಡದ ಬರಹಗಾರನಿಗೆ ತಾನಾಗಿ ಒಲಿದ ನೆಲವಲ್ಲ. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಭೂಮಿಯಿಂದ ಇಂಗ್ಲಿಷರ ಸೈನ್ಯವು ಇಲ್ಲಿಗೆ ಬಂದು ನೆಲಸಿತು; ಅದರ ಹಿಂದೆಯೇ ಮದರಾಸು ಸೀಮೆಯ ತಮಿಳರೂ ತೆಲುಗರೂ, ವ್ಯಾಪಾರಿಗಳೂ ಅಡಿಗೆಯವರೂ ದರ್ಜಿಗಳೂ ಬಂದರು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡು ಮರಳಲಿಲ್ಲ. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು ರೆಸಿಡೆಂಟರ ಆಳ್ವಿಕೆಗೆ ಸೇರಿ, 1947ರ ಜುಲೈ ತಿಂಗಳಿನಲ್ಲಿ ಸಂಸ್ಥಾನಕ್ಕೆ ಹಿಂದಿರುಗಿತು. ಪೇಟೆ ಮತ್ತು ದಂಡುಗಳ ಎರಡು ಪುರಸಭೆಗಳು ಒಂದೇ ನಗರಸಭೆಯಾಗಿ ಕೂಡಿದುದು 1949ರಲ್ಲಿ. ನಡುವೆ ಕಬ್ಬನ್ ಉದ್ಯಾನವು ಎರಡು ಊರುಗಳ ನಡುವಣ ಗಡಿಯಂತೆ ಹಬ್ಬಿತ್ತು.

ಆದರೂ ಕನ್ನಡದ ಪತ್ರಿಕೋದ್ಯಮವು ತನ್ನ ಯೌವನವನ್ನು ಕಳೆದುದು ಈ ದಂಡಿನ ಬೀದಿಗಳಲ್ಲಿಯೇ. ಸೌತ್ ಪೆರೇಡ್ ಎಂಬ ಸೈನಿಕರ ಬೀದಿಯು ಮಹಾತ್ಮ ಗಾಂಧಿ ರಸ್ತೆಯೆಂಬ ಹೆಸರನ್ನು ಪಡೆದ 1948ನೆಯ ವರ್ಷದಲ್ಲಿಯೇ, ಕೆ.ಎನ್. ಗುರುಸ್ವಾಮಿಯವರು ಜೂನ್ ತಿಂಗಳಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯನ್ನೂ ಅಕ್ಟೋಬರ್ ತಿಂಗಳಲ್ಲಿ ‘ಪ್ರಜಾವಾಣಿ’ಯನ್ನೂ ಹೊರತಂದರು. 1965ರಲ್ಲಿ ‘ಸುಧಾ’ ವಾರಪತ್ರಿಕೆಯೂ 1968ರಲ್ಲಿ ‘ಮಯೂರ’ ಮಾಸಪತ್ರಿಕೆಯೂ ಅದೇ ಬಳಗದಿಂದ ಹುಟ್ಟಿದವು. 1967ರಲ್ಲಿ ‘ಕನ್ನಡಪ್ರಭ’ ಕ್ವೀನ್ಸ್ ರಸ್ತೆಯಿಂದ ಹೊರಟಿತು. ‘ಸಂಯುಕ್ತ ಕರ್ನಾಟಕ’ದ ಬೆಂಗಳೂರು ಕಚೇರಿ ರೆಸಿಡೆನ್ಸಿ ರಸ್ತೆಯಲ್ಲಿ ನೆಲೆಯೂರಿತು. ಕಾಲುನಡಿಗೆಯಲ್ಲಿ ಒಂದು ಬೆಳಗಿನೊಳಗೆ ಮೂರು ನಾಲ್ಕು ಸಂಪಾದಕರನ್ನು ಕಂಡುಬರುವ ಅನುಕೂಲ ಅಂದಿನ ಬಿಡಿ ಲೇಖಕನಿಗೆ ಈ ಒಂದು ಮೈಲಿಯ ವರ್ತುಲದಲ್ಲಿ ದೊರೆಯುತ್ತಿತ್ತು.

ಈ ದಂಡಿನಲ್ಲಿ ಬಾಳಿದ ಬಿಡಿ ಬರಹಗಾರರಲ್ಲಿ ಲೋಕವೆಲ್ಲ ಬಲ್ಲ ಒಬ್ಬನ ವೃತ್ತಾಂತವು ನನ್ನ ಮಾತಿಗೆ ನಿದರ್ಶನವಾಗಬಲ್ಲುದು. 1896ರಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಮರುವರ್ಷ ವಾಯವ್ಯ ಗಡಿಯಲ್ಲಿ ಕದನವೆದ್ದಾಗ, ಸೈನಿಕನಾಗಿ ಸ್ಥಾನ ದೊರೆಯದೆ ಪತ್ರಿಕಾ ಬಾತ್ಮೀದಾರನಾಗಿ ಹೊರಟನು. ರೈಲಿನಲ್ಲಿ ಐದು ದಿನ, ಎರಡು ಸಾವಿರ ಮೈಲಿಗೂ ಮಿಕ್ಕ ದೂರ. ಅಲಹಾಬಾದಿನ ‘ಪಯೊನಿಯರ್’ ಪತ್ರಿಕೆಗೂ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಗೂ ಅವನು ಬರೆದನು. ಲಂಡನ್ನಿನ ಪತ್ರಿಕೆ ಒಂದು ಕಾಲಮ್ಮಿಗೆ ಐದು ಪೌಂಡು ಕೊಡಲೊಪ್ಪಿದಾಗ ಅದು ಅಲ್ಪವೆಂದು ಅಸಮಾಧಾನಪಟ್ಟನು. ಬರಹದ ಕೆಳಗೆ ತನ್ನ ಹೆಸರು ಅಚ್ಚಾಗದಿದ್ದುದಕ್ಕೆ ಇನ್ನೂ ಹೆಚ್ಚಾಗಿ ನೊಂದನು. ಅದೇ ಸಾಮಗ್ರಿಯನ್ನು ವಿಸ್ತರಿಸಿ ಬೆಂಗಳೂರಿನ ಬಂಗಲೆಯಲ್ಲಿ ಕುಳಿತು ಬರೆದ ಅವನ ಪ್ರಥಮ ಗ್ರಂಥ 1898ರಲ್ಲಿ ಪ್ರಕಟವಾಯಿತು. ಅವನ ಸಾಮ್ರಾಜ್ಯಾಭಿಮಾನ ನಮಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಸೈನ್ಯದ ಸಂಬಳವಿದ್ದವನೂ, ಪ್ರಭಾವಿ ಕುಟುಂಬದ ಆಸರೆಯಿದ್ದವನೂ ತನ್ನ ಬರವಣಿಗೆಯ ಬೆಲೆಯನ್ನೂ ಹೆಸರನ್ನೂ ಕೇಳಲು ಸಂಕೋಚಪಡಲಿಲ್ಲವೆಂಬ ಸಂಗತಿ ಗಮನಾರ್ಹವಾದುದು. ನಮ್ಮವರೇ ಆದ ಆರ್.ಕೆ. ನಾರಾಯಣರೂ ಎಳೆಯ ವಯಸ್ಸಿನಲ್ಲಿ ಮೈಸೂರಿನ ಬೀದಿಗಳನ್ನು ಸುತ್ತಿ, ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಅಂಗುಲದ ಲೆಕ್ಕದಲ್ಲಿ ಸುದ್ದಿ ಕಳುಹಿಸಿ ಸಂಸಾರ ತೂಗಿಸಿದವರು.

“ಈ ತಿಂಗಳು ಏನು ಬರೀತೀರಿ?”

ಉದ್ಯೋಗ ಬಿಟ್ಟ ಮೊದಲ ಆರು ತಿಂಗಳು ನಾನು ಮಾಡಿದ ತಪ್ಪು, ನನ್ನ ವಯಸ್ಸಿನ ಬಹುಮಂದಿ ಮಾಡುವ ತಪ್ಪೇ ಆಗಿತ್ತು. ಪರಿಚಿತ ಸಂಪಾದಕರಿಗೆಲ್ಲ ನನ್ನ ಸೇವಾವಧಿಯನ್ನೂ ನಿರ್ವಹಿಸಿದ ಪುಟಗಳನ್ನೂ ಬರೆದ ಅಗ್ರಲೇಖನಗಳನ್ನೂ ವಿವರಿಸಿ ದೀರ್ಘವಾದ ಪತ್ರಗಳನ್ನು ಬರೆದು, ‘ಅವಕಾಶವಿದ್ದಲ್ಲಿ ತಿಳಿಸಬೇಕು’ ಎಂದು ಮುಗಿಸುತ್ತಿದ್ದೆನು. ಎಲ್ಲರೂ ಆದರದಿಂದ ಮಾತನಾಡಿದರು. ಒಬ್ಬರೂ ಕೆಲಸ ಕೊಡಲಿಲ್ಲ. ಕೊನೆಗೆ ಒಂದು ಪುರವಣಿಯ ಹೊಣೆ ಹೊತ್ತಿದ್ದ ತರುಣಿ, ಹಿಂದೊಮ್ಮೆ ನನ್ನ ಕೈಕೆಳಗೆ ತರಬೇತಿ ಪಡೆದವಳು, ವಿನಯದಿಂದಲೇ ಸತ್ಯವನ್ನು ಹೇಳಿದಳು: “ಸಾರ್, ನಿಮ್ಮ ಅನುಭವ ನಮಗೆಲ್ಲ ಗೊತ್ತು. ಈ ತಿಂಗಳು ಏನು ಬರೀತೀರಿ, ಅದು ಹೇಳಿ.”

ಆ ಒಂದು ಮಾತಿನಿಂದ ನನ್ನ ಎರಡನೆಯ ವಿದ್ಯಾಭ್ಯಾಸ ಆರಂಭವಾಯಿತು. ಪತ್ರಿಕೆಯೊಳಗೆ ಕುಳಿತವನಿಗೆ ವಿಷಯಗಳು ತಾವಾಗಿಯೇ ಮೇಜಿನ ಮೇಲೆ ಬಂದು ಬೀಳುತ್ತವೆ. ಹೊರಗೆ ನಿಂತವನು ವಿಷಯವನ್ನು ತಾನೇ ಹುಡುಕಿ, ಅದು ಈ ಹೊತ್ತಿನಲ್ಲಿ ಓದುಗನಿಗೆ ಏಕೆ ಬೇಕೆಂಬುದನ್ನು ತೋರಿಸಬೇಕಾಗುತ್ತದೆ. ಅಂದಿನಿಂದ ನಾನು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ನಾಲ್ಕೇ ಸಂಗತಿಗಳಿರುತ್ತವೆ: ವಿಷಯವೇನು, ಈಗಲೇ ಏಕೆ, ಯಾರನ್ನು ಕಂಡು ಮಾತನಾಡಿ ಬರೆಯುವೆನು, ಎಷ್ಟು ಪದಗಳಲ್ಲಿ ಯಾವ ದಿನ ಕೊಡುವೆನು. ನನ್ನ ಪೂರ್ವಚರಿತ್ರೆಗೆ ಕೊನೆಯಲ್ಲಿ ಒಂದು ಸಾಲು ಸಾಕು. ದೀಪಾವಳಿ ವಿಶೇಷಾಂಕದ ಯೋಚನೆ ಮಳೆಗಾಲದಲ್ಲಿಯೇ ನಡೆಯುತ್ತದೆಂಬುದನ್ನೂ, ರಾಜ್ಯೋತ್ಸವದ ಲೇಖನವನ್ನು ಅಕ್ಟೋಬರ್ ಕಡೆಯಲ್ಲಿ ಕೇಳಿದವನು ತಡವಾಗಿ ಬಂದವನೆಂಬುದನ್ನೂ ಒಳಗಿದ್ದು ಬಲ್ಲ ನಾನು ಆ ತಿಳಿವಳಿಕೆಯನ್ನು ಆರು ತಿಂಗಳು ಬಳಸದೆ ಹೋಗಿದ್ದೆನು.

ಮೊದಲು ಒಪ್ಪಿಗೆಯಾದ ಲೇಖನಕ್ಕೆ ವಸ್ತು ನನ್ನ ಮನೆಯಿಂದ ಎರಡು ಮೈಲಿಯೊಳಗೇ ಇದ್ದಿತು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜವೇರಿ, ಸೆಪ್ಟೆಂಬರ್ 8ರಂದು ಮಾತೆಯ ತೇರು ಹೊರಡುವವರೆಗಿನ ದಿನಗಳಲ್ಲಿ, ಸುತ್ತಣ ಬೀದಿಗಳಲ್ಲಿ ಮೇಣದ ಬತ್ತಿಯನ್ನೂ ಹೂವನ್ನೂ ಹರಕೆಯ ಸಾಮಾನುಗಳನ್ನೂ ಮಾರುವವರ ಬದುಕು ಹೇಗೆ ನಡೆಯುತ್ತದೆಂಬುದೇ ಆ ಲೇಖನದ ವಸ್ತು. ತೇರಿನ ಚಿತ್ರವನ್ನು ಎಲ್ಲ ಪತ್ರಿಕೆಗಳೂ ಅಚ್ಚು ಹಾಕುತ್ತವೆ. ಮೇಣ ಎಲ್ಲಿಂದ ಬರುತ್ತದೆ, ಸಾಲ ಯಾರು ಕೊಡುತ್ತಾರೆ, ಮಿಕ್ಕ ಹನ್ನೊಂದು ತಿಂಗಳು ಆ ತಾಯಂದಿರು ಏನು ಮಾರುತ್ತಾರೆ ಎಂಬುದನ್ನು ಕೇಳಲು ಸಮಯವಿರುವುದು ಕಚೇರಿಯ ಗಡಿಯಾರಕ್ಕೆ ಕಟ್ಟುಬೀಳದವನಿಗೆ ಮಾತ್ರ. ಅಲ್ಲಿ ನಾನು ತಮಿಳಿನಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಂಡೆನು. ಇಪ್ಪತ್ತಾರು ವರ್ಷ ದಂಡಿನಲ್ಲಿ ವಾಸವಾಗಿದ್ದೂ ಆ ಅಂಗಡಿಗಳ ಮುಂದೆ ನಿಂತು ಮಾತನಾಡಿರಲಿಲ್ಲವೆಂಬ ಅರಿವು ಅಂದು ನನ್ನನ್ನು ನಾಚಿಸಿತು.

ಮೂಡಣ ದಿಕ್ಕಿನ ಹೊಲ

ರೈತನಿಗೆ ಹೊಲವಿದ್ದಂತೆ ಬಿಡಿ ಬರಹಗಾರನಿಗೂ ತನ್ನದೆಂಬ ಒಂದು ಹೊಲವಿರಬೇಕು. ಎಲ್ಲವನ್ನೂ ಬರೆಯಬಲ್ಲೆನೆಂಬುವನನ್ನು ಯಾರೂ ನೆನೆಯುವುದಿಲ್ಲ. ಇಂಥದನ್ನು ಇವನೇ ಬಲ್ಲನೆಂಬ ಹೆಸರು ಒಮ್ಮೆ ನಿಂತಿತೆಂದರೆ ಕೆಲಸ ಮನೆಯನ್ನು ಹುಡುಕಿಕೊಂಡು ಬರುತ್ತದೆ. ನಾನು ಹಲಸೂರಿನಿಂದ ಕೃಷ್ಣರಾಜಪುರದವರೆಗಿನ ಹಳೆಯ ಮದರಾಸು ರಸ್ತೆಯ ಇಬ್ಬದಿಯನ್ನೂ ನನ್ನ ಹೊಲವೆಂದು ಭಾವಿಸಿದೆನು. 2011ರ ಅಕ್ಟೋಬರ್ ತಿಂಗಳಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಓಡಿದ ಮೊದಲ ಮೆಟ್ರೊ ರೈಲು, 2023ರಲ್ಲಿ ಕೆ.ಆರ್. ಪುರವನ್ನೂ ವೈಟ್‌ಫೀಲ್ಡನ್ನೂ ಕೂಡಿಸಿಕೊಂಡಿತು. ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ ಎಂಬ ನಿಲ್ದಾಣಗಳ ಆ ಸಾಲಿನಲ್ಲಿ, ಇಳಿದು ನೋಡುವವನಿಗೆ ಒಂದೊಂದರಲ್ಲಿಯೂ ವರ್ಷಕ್ಕೆ ಸಾಲುವಷ್ಟು ವಸ್ತುವಿದೆ.

ಇಂದಿರಾನಗರದ ನೂರಡಿ ರಸ್ತೆಯ ಸದ್ದಿನಿಂದ ಸ್ವಲ್ಪವೇ ದೂರದ ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿಯ ಪ್ರಾಚೀನ ದೇಗುಲವಿದೆ. ಅಲ್ಲಿಯ ತಮಿಳು ಶಾಸನಗಳಲ್ಲಿ ಈ ಊರು ತೊಂಬಲೂರೆಂದೂ ದೇಶಿಮಾಣಿಕ್ಕಪಟ್ಟಣವೆಂದೂ ಹೆಸರಾಗಿದೆ. ಅವುಗಳ ಪಾಠವನ್ನು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದವರು. ಮುಂದೆ ಹೋದರೆ ಬೈಯಪ್ಪನಹಳ್ಳಿಯಲ್ಲಿ ಬಾಗಿಲು ಮುಚ್ಚಿದ ಎನ್.ಜಿ.ಇ.ಎಫ್. ಕಾರ್ಖಾನೆಯ ಆವರಣ, ಅದರಾಚೆಗೆ 1948ರಲ್ಲಿ ಸ್ಥಾಪಿತವಾಗಿ ದೇಶದ ಮನೆಮನೆಗೆ ಕರಿಯ ಟೆಲಿಫೋನನ್ನು ತಯಾರಿಸಿ ಕೊಟ್ಟ ಐ.ಟಿ.ಐ. ಕಾರ್ಖಾನೆಯ ದೂರವಾಣಿನಗರ. ಕಾರ್ಖಾನೆಯ ಬಸ್ಸಿಗಾಗಿ ಬೆಳಗಿನ ಜಾವ ಕಾದು ನಿಂತವರು, ಪಾಳಿ ಮುಗಿಸಿ ಬಂದು ಸಂಜೆ ಕನ್ನಡ ಸಂಘದ ನಾಟಕಕ್ಕೆ ಬಣ್ಣ ಹಚ್ಚಿಕೊಂಡವರು, ಇಂದು ಕೃಷ್ಣರಾಜಪುರದ ಬಡಾವಣೆಗಳಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಕೇಳುವವರಿದ್ದರೆ ಅವರು ಸಂಜೆಯವರೆಗೆ ಹೇಳುತ್ತಾರೆ.

ಒಂದು ಭೇಟಿಯಿಂದ ಒಂದೇ ಲೇಖನವೆಂಬುದು ಸಂಬಳದವರ ಲೆಕ್ಕ. ದೊಮ್ಮಲೂರಿನ ದೇಗುಲಕ್ಕೆ ಮೂರು ಬಾರಿ ಹೋಗಿ ಬಂದುದರಿಂದ ಪುರವಣಿಗೆ ಒಂದು ನುಡಿಚಿತ್ರವೂ, ರೈಸ್ ಅವರನ್ನು ಕುರಿತು ಒಂದು ಬಾನುಲಿ ಭಾಷಣವೂ, ಮಕ್ಕಳ ಪತ್ರಿಕೆಗೆ ‘ಕಲ್ಲು ಓದುವುದು ಹೇಗೆ’ ಎಂಬ ಪುಟ್ಟ ಬರಹವೂ ಸಿದ್ಧವಾದವು. ಮೂರಕ್ಕೂ ಬೇರು ಒಂದೇ; ಆದರೆ ವಾಕ್ಯಗಳು ಮೂರರಲ್ಲಿಯೂ ಬೇರೆ ಬೇರೆ. ಒಂದೇ ಬರಹವನ್ನು ಶೀರ್ಷಿಕೆ ಬದಲಿಸಿ ಇಬ್ಬರಿಗೆ ಕೊಟ್ಟವನ ಮೇಲೆ ಇಬ್ಬರ ವಿಶ್ವಾಸವೂ ಉಳಿಯುವುದಿಲ್ಲ. ಹಿರಿಯ ಬರಹಗಾರನಿಗೆ ಆ ವಿಶ್ವಾಸವೇ ಕಟ್ಟಕಡೆಯ ಬಂಡವಾಳ.

ಮಾಹಿತಿ ಹಕ್ಕಿನ ಕಾನೂನು ಬಿಡಿ ಬರಹಗಾರನ ಕೈಯಲ್ಲಿ ಒಳ್ಳೆಯ ನೇಗಿಲು. ಪತ್ರಿಕೆಯ ಗುರುತಿನ ಚೀಟಿಯಿಲ್ಲದವನ ಪ್ರಶ್ನೆಗೆ ಅಧಿಕಾರಿಗಳು ಬಾಯಿಮಾತಿನಲ್ಲಿ ಉತ್ತರಿಸದಿರಬಹುದು. ಆದರೆ 2005ರ ಆ ಕಾನೂನಿನ ಮೇರೆಗೆ, ಹತ್ತು ರೂಪಾಯಿ ಶುಲ್ಕ ತೆತ್ತು ಕೇಳಿದ ಯಾವ ನಾಗರಿಕನಿಗಾದರೂ ಮೂವತ್ತು ದಿನಗಳೊಳಗೆ ಲಿಖಿತವಾಗಿ ಉತ್ತರಿಸಲೇಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ನೂರೈವತ್ತು ಪದಗಳನ್ನು ಮೀರಬಾರದು. ಜೀವಮಾನವೆಲ್ಲ ಅನ್ಯರ ವರದಿಗಳನ್ನು ಮೊಟಕುಗೊಳಿಸಿದವನಿಗೆ ಇದೊಂದು ಭಾರವಲ್ಲ. ಕೃಷ್ಣರಾಜಪುರದ ಕಡೆಯ ಒಂದು ಕೆರೆಯ ಹೂಳೆತ್ತಿದ ಖರ್ಚಿನ ಲೆಕ್ಕವನ್ನು ಹೀಗೆಯೇ ಕೇಳಿ ಪಡೆದು ನಾನು ಬರೆದ ಲೇಖನ, ನನ್ನ ಹಿಂದಿನ ಹತ್ತು ವರ್ಷಗಳ ಅಗ್ರಲೇಖನಗಳಿಗಿಂತ ಹೆಚ್ಚು ಪತ್ರಗಳನ್ನು ತಂದಿತು.

ಹಲವು ಕಾಲುವೆಗಳು

ಪತ್ರಿಕೆಗಳ ಲೇಖನಗಳಿಂದಲೇ ಸಂಸಾರ ಸಾಗೀತೆಂದು ಕಿರಿಯರಿಗೆ ಹೇಳುವ ಧೈರ್ಯ ನನಗಿಲ್ಲ. ಕೆರೆಗೆ ಒಂದೇ ಕಾಲುವೆಯಿದ್ದರೆ ಆ ಒಂದು ಬತ್ತಿದ ವರ್ಷ ಕೆರೆಯೂ ಬತ್ತುತ್ತದೆ. ದಂಡಿನಲ್ಲಿ ಬಾಳಿದ ಕನ್ನಡ ಬರಹಗಾರನಿಗೆ ಸಹಜವಾಗಿ ಒದಗಿಬರುವ ಎರಡನೆಯ ಕಾಲುವೆ ಅನುವಾದ. ತಮಿಳು, ಉರ್ದು, ಇಂಗ್ಲಿಷು ಕಿವಿಗೆ ನಿತ್ಯ ಬೀಳುವ ಈ ನೆಲದಲ್ಲಿ ಭಾಷೆಯಿಂದ ಭಾಷೆಗೆ ದಾಟುವುದು ಬೀದಿ ದಾಟಿದಷ್ಟೇ ಅಭ್ಯಾಸವಾಗಿರುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ, ನ್ಯಾಷನಲ್ ಬುಕ್ ಟ್ರಸ್ಟ್, ಕುವೆಂಪು ಭಾಷಾ ಭಾರತಿ ಪ್ರಾಧಿಕಾರಗಳು ಗ್ರಂಥಗಳನ್ನು ಅನುವಾದ ಮಾಡಿಸುತ್ತವೆ; ಪಿ. ಸಾಯಿನಾಥರು 2014ರಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ವರದಿಗಳ ಸಂಗ್ರಹ ‘ಪರಿ’ ಕನ್ನಡದಲ್ಲಿಯೂ ಬರುತ್ತದೆ. ಮೂರನೆಯ ಕಾಲುವೆ ಆಕಾಶವಾಣಿ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಮೊಳೆತ ಬಾನುಲಿಯ ಹೆಸರನ್ನೇ ಹೊತ್ತ ಆ ಸಂಸ್ಥೆಯಲ್ಲಿ ಭಾಷಣಕಾರನಿಗೆ ಮೊದಲೇ ಒಪ್ಪಂದಪತ್ರ ಬರುತ್ತದೆ. ಸಂಭಾವನೆಯ ಮೊತ್ತ ಅದರಲ್ಲಿ ನಮೂದಾಗಿರುತ್ತದೆ. ಮೊತ್ತ ಸಣ್ಣದಿರಬಹುದು, ಪದ್ಧತಿ ದೊಡ್ಡದು.

ನಾಲ್ಕನೆಯದು ದೀರ್ಘಾವಧಿಯ ಗ್ರಂಥಕಾರ್ಯ: ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆ, ಸಹಕಾರ ಸಂಘಗಳ ಚರಿತ್ರೆ, ಅಭಿನಂದನ ಗ್ರಂಥ. ಲೇಖನಿಯನ್ನೇ ನಂಬಿ ಬಾಳಿದ ನಿರಂಜನರು ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ಯನ್ನೂ ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ವನ್ನೂ ಸಂಪಾದಿಸಿದುದನ್ನು ನೆನೆದರೆ, ಇಂಥ ಕಾರ್ಯಗಳನ್ನು ಕೂಲಿಯ ಕೆಲಸವೆಂದು ಹಗುರಾಗಿ ಕಾಣುವ ಮನಸ್ಸಾಗದು. ಒಂದು ಗಡಿಯನ್ನು ಮಾತ್ರ ನಾನು ದಾಟಿಲ್ಲ. ಯಾವ ಸಂಸ್ಥೆಯಿಂದ ಹಣ ಪಡೆದು ಅದರ ಚರಿತ್ರೆಯನ್ನೋ ಪ್ರಚಾರಪತ್ರವನ್ನೋ ಬರೆದುಕೊಟ್ಟೆನೋ, ಆ ಸಂಸ್ಥೆಯ ವಿಷಯವಾಗಿ ಪತ್ರಿಕೆಯಲ್ಲಿ ಒಂದು ಸಾಲನ್ನೂ ಬರೆಯುವುದಿಲ್ಲ. ಒಂದೇ ನಾಲಗೆಯಿಂದ ಸ್ತುತಿಯನ್ನೂ ಸಾಕ್ಷ್ಯವನ್ನೂ ನುಡಿಯಲಾಗದು.

ಸಂಭಾವನೆಯೆಂಬ ಶಬ್ದ

ಸಂಭಾವನೆಯೆಂದರೆ ಮೂಲದಲ್ಲಿ ಗೌರವಿಸುವುದು, ಮನ್ನಿಸುವುದು. ವಿದ್ವಾಂಸನನ್ನು ಮನೆಗೆ ಕರೆದು, ಮಾತು ಕೇಳಿ, ಫಲತಾಂಬೂಲದೊಡನೆ ದಕ್ಷಿಣೆಯನ್ನು ತಟ್ಟೆಯಲ್ಲಿಟ್ಟು ಕೊಡುವ ಪದ್ಧತಿಯಿಂದ ಈ ಶಬ್ದವು ಪತ್ರಿಕಾ ಕಚೇರಿಗೆ ಬಂದಿತು. ತಟ್ಟೆಯಲ್ಲಿ ಇಟ್ಟುದನ್ನು ಎಣಿಸಬಾರದೆಂಬ ಹಳೆಯ ಸಂಕೋಚವೂ ಅದರೊಡನೆ ಬಂದಿತು. ಒಂದು ಮಾಸಪತ್ರಿಕೆ ನನ್ನಿಂದ ಮುಖಪುಟ ಲೇಖನವನ್ನು ಕೇಳಿ ಬರೆಯಿಸಿಕೊಂಡು, ಅಚ್ಚು ಹಾಕಿ, ನಾಲ್ಕು ತಿಂಗಳ ಬಳಿಕ ನಾನು ಹಣದ ವಿಷಯ ಎತ್ತಿದಾಗ, ಅದರ ಕಡೆಯ ಹಿರಿಯರೊಬ್ಬರು, “ನಿಮ್ಮಂಥವರು ದುಡ್ಡಿನ ಮಾತಾಡಬಾರದು. ಡಿ.ವಿ.ಜಿ.ಯವರು ಬಂದ ಚೆಕ್ಕನ್ನೇ ಮುರಿಸಲಿಲ್ಲ” ಎಂದರು. ಅಂದು ನಾನು ಸುಮ್ಮನೆ ಫೋನ್ ಇಟ್ಟೆನು. ಹಾಗೆ ಸುಮ್ಮನಾದುದು ತಪ್ಪೆಂದು ಇಂದು ಭಾವಿಸುತ್ತೇನೆ.

ಡಿ.ವಿ. ಗುಂಡಪ್ಪನವರು ಸರ್ಕಾರದ ಕಡೆಯಿಂದ ಬಂದ ಚೆಕ್ಕುಗಳನ್ನು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿಯೇ ಉಳಿಸಿದರೆಂಬ ವೃತ್ತಾಂತವನ್ನು ಕನ್ನಡ ಪತ್ರಿಕಾವೃತ್ತಿಯವರೆಲ್ಲರೂ ಬಲ್ಲರು. 1970ರಲ್ಲಿ ನಾಡು ಅರ್ಪಿಸಿದ ನಿಧಿಯನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಆದರೆ ಆ ನಿಸ್ಪೃಹತೆಯ ಅರ್ಥವೇನು? ರಾಜ್ಯಾಧಿಕಾರವನ್ನು ವಿಮರ್ಶಿಸಬೇಕಾದ ಲೇಖನಿಯು ರಾಜ್ಯದ ಬೊಕ್ಕಸಕ್ಕೆ ಋಣಿಯಾಗಬಾರದೆಂಬುದು ಅದರ ಅರ್ಥ. ಬರಹಗಾರನು ಉಪವಾಸವಿದ್ದು ಅನ್ಯರ ಪತ್ರಿಕೆಯ ಪುಟಗಳನ್ನು ತುಂಬಿಸಬೇಕೆಂಬುದು ಖಂಡಿತವಾಗಿ ಅಲ್ಲ. ತನ್ನ ದುಡಿಮೆಗೆ ನ್ಯಾಯವಾದ ಬೆಲೆ ಬಾರದವನೇ ಕೊನೆಗೆ ಯಾರೋ ಅಧಿಕಾರಸ್ಥರ, ಯಾರೋ ಧನಿಕರ ಕೃಪೆಗೆ ಕೈಯೊಡ್ಡಬೇಕಾಗುತ್ತದೆ. ಡಿ.ವಿ.ಜಿ.ಯವರು ಕಾಪಾಡಿದ ಸ್ವಾತಂತ್ರ್ಯವನ್ನು ನಮ್ಮಂಥ ಸಾಮಾನ್ಯರು ಕಾಪಾಡಿಕೊಳ್ಳಬೇಕಾದರೆ ಲೇಖನದ ಹಣವನ್ನು ಕೇಳಿ ಪಡೆಯುವುದೇ ದಾರಿ. ಅವರ ಹೆಸರನ್ನು ಹಿಡಿದು ಬರಹಗಾರನ ಕೂಲಿಯನ್ನು ಉಳಿಸಿಕೊಳ್ಳುವುದು ಅವರ ಸ್ಮೃತಿಗೆ ಸಲ್ಲುವ ಮರ್ಯಾದೆಯಲ್ಲ.

ಕಾನೂನಿನ ಆಸರೆ ಬಿಡಿ ಬರಹಗಾರನಿಗೆ ಒಂದು ಕಡೆ ಇಲ್ಲ, ಇನ್ನೊಂದು ಕಡೆ ಇದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯೂ, ಪಾಲೇಕರ್ ಅವರಿಂದ ಮಜೀಠಿಯಾ ಅವರವರೆಗಿನ ವೇತನ ತೀರ್ಪುಗಳೂ ಪತ್ರಿಕೆಯಲ್ಲಿ ನೇಮಕಗೊಂಡವರಿಗೆ ರಚಿತವಾದವು. ನೇಮಕವೇ ಇಲ್ಲದವನು ಅವುಗಳ ಹೊಸ್ತಿಲ ಹೊರಗೇ ಉಳಿದನು. ಆದರೆ 1957ರ ಕೃತಿಸ್ವಾಮ್ಯ ಕಾಯಿದೆ ಅವನ ಪಕ್ಷದಲ್ಲಿದೆ. ನೌಕರಿಯಲ್ಲಿಲ್ಲದವನು ಬರೆದ ಲೇಖನದ ಮೊದಲ ಒಡೆಯನು ಅವನೇ. ಆ ಒಡೆತನವನ್ನು ಪರರಿಗೆ ವಹಿಸಬೇಕಾದರೆ ಬರಹದಲ್ಲಿ, ಅವನ ಸಹಿಯೊಡನೆ ಆಗಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳಿರದಿದ್ದರೆ ಐದು ವರ್ಷಕ್ಕೂ, ಪ್ರದೇಶವನ್ನು ಹೇಳಿರದಿದ್ದರೆ ಭಾರತಕ್ಕೂ ಮಾತ್ರ ಅದು ಸಲ್ಲುತ್ತದೆ. ಆದಕಾರಣ ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಬೇಕು. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಮಾತಿದ್ದರೆ ವಿನಯದಿಂದ ಅದನ್ನು ಹೊಡೆದುಹಾಕಿ, ‘ಪ್ರಥಮ ಪ್ರಕಟಣೆಯ ಹಕ್ಕು ಮಾತ್ರ’ ಎಂದು ಬರೆಯಬೇಕು. ನಾನು ಬರೆದಿದ್ದೇನೆ, ಬಹುಮಂದಿ ಸಂಪಾದಕರು ಒಪ್ಪಿದ್ದಾರೆ.

ಉಳಿದುದು ಲೆಕ್ಕದ ಪುಸ್ತಕ. ಲೇಖನದ ಹೆಸರು, ಒಪ್ಪಿದ ದಿನ, ಒಪ್ಪಿದ ಹಣ, ಕೊಟ್ಟ ದಿನ, ಪ್ರಕಟವಾದ ದಿನ, ಹಣ ಬಂದ ದಿನ ಎಂಬ ಆರು ಅಂಕಣಗಳನ್ನು ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ವೃತ್ತಿಶುಲ್ಕವು ವರ್ಷದಲ್ಲಿ ಒಂದು ಮಿತಿಯನ್ನು ದಾಟಿದರೆ ಕೊಡುವವರು ನೂರಕ್ಕೆ ಹತ್ತನ್ನು ತೆರಿಗೆಯಾಗಿ ಹಿಡಿದುಕೊಳ್ಳುವುದುಂಟು; ಅದನ್ನೂ ಬರೆದಿಟ್ಟರೆ ವರ್ಷಾಂತ್ಯದಲ್ಲಿ ಲೆಕ್ಕ ಒಪ್ಪಿಸಿ, ಹೆಚ್ಚಾಗಿ ಕಡಿತವಾದುದನ್ನು ಮರಳಿ ಪಡೆಯಬಹುದು. ಮೂರು ತಿಂಗಳು ಮೀರಿದ ಬಾಕಿಗೆ ಒಂದು ಪತ್ರ, ಆರು ತಿಂಗಳು ಮೀರಿದ ಬಾಕಿಗೆ ಖುದ್ದಾಗಿ ಒಂದು ಭೇಟಿ. ಕೋಪ ಬೇಡ, ದೈನ್ಯವೂ ಬೇಡ. ದೊಡ್ಡ ಕೆಲಸಗಳಿಗೆ ಅರ್ಧ ಹಣವನ್ನು ಮುಂಗಡವಾಗಿ ಕೇಳುವ ಅಭ್ಯಾಸವನ್ನು ನಾನು ಕಲಿತುದು ಯಾವ ಸಂಪಾದಕರಿಂದಲೂ ಅಲ್ಲ. ಶಿವಾಜಿನಗರದ ಆ ಸಾಹೇಬರಿಂದ.

ಕಳೆದ ಮಳೆಗಾಲದಲ್ಲಿ ಕಾರ್ಡುಗಳು ಮುಗಿದು ಮತ್ತೆ ಆ ಗಲ್ಲಿಗೆ ಹೋದೆನು. ಅತ್ತರಿನ ಅಂಗಡಿ ಇದ್ದಿತು. ಗುಜರಿಯ ಜಾಗದಲ್ಲಿ ಮೊಬೈಲ್ ರಿಪೇರಿ ಬಂದಿದ್ದಿತು. ಸಾಹೇಬರು ಹಳೆಯ ರಸೀದಿ ಪುಸ್ತಕವನ್ನು ತೆಗೆದು ನನ್ನ ಹೆಸರನ್ನು ಹುಡುಕಿ, ಹಿಂದಿನಂತೆಯೇ ತಲೆಯೆತ್ತಿ, “ಈಗ ಕೆಳಗೆ ಏನು ಹಾಕಲಿ ಸಾರ್?” ಎಂದರು. “ಪತ್ರಕರ್ತ” ಎಂದೆನು, “ಅಷ್ಟೇ ಸಾಕು.” ಅವರು ಬರೆದುಕೊಂಡರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನ ಕೋಣೆಯಿಂದ ಒಂದು ಮರದ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ತೆರೆದರು. ತಂದೆಯ ಕಾಲದ ಸೀಸದ ಅಚ್ಚುಮೊಳೆಗಳು: ಒಂದು ಖಾನೆಯಲ್ಲಿ ಕನ್ನಡ, ಒಂದರಲ್ಲಿ ತಮಿಳು, ಒಂದರಲ್ಲಿ ಇಂಗ್ಲಿಷು. ಬರುವ ವರ್ಷ ಮುದ್ರಣಾಲಯಕ್ಕೆ ಅರವತ್ತು ತುಂಬುತ್ತದಂತೆ. ಮದುವೆಯ ಕರೆಯೋಲೆಗಳಿಂದ ಹಿಡಿದು ಸಿನಿಮಾದ ಕರಪತ್ರಗಳವರೆಗೆ ತಂದೆಯವರು ಅಚ್ಚು ಹಾಕಿದುದರ ಕಥೆಯನ್ನು ಒಂದು ಸಣ್ಣ ಪುಸ್ತಕವಾಗಿ ಕನ್ನಡದಲ್ಲಿ ತರಬೇಕೆಂಬುದು ಅವರ ಆಸೆ. “ಅಬ್ಬಾಜಾನ್‌ಗೆ ಕನ್ನಡ ಅಕ್ಷರ ಅಂದ್ರೆ ಬಹಳ ಪ್ರೀತಿ ಸಾರ್. ನೀವು ಬರೀತೀರಾ?”

ಅರವತ್ತು ಪುಟ, ಆರು ತಿಂಗಳು ಎಂದು ಹೇಳಿ, ನನ್ನ ದರವನ್ನೂ ಹೇಳಿದೆನು. ಅವರು ಚೌಕಾಸಿ ಮಾಡಲಿಲ್ಲ. ಗಲ್ಲಾಪೆಟ್ಟಿಗೆಯನ್ನು ತೆರೆದು, ಬೆರಳು ಒದ್ದೆ ಮಾಡಿಕೊಂಡು, ನೋಟುಗಳನ್ನು ಎರಡು ಬಾರಿ ಎಣಿಸಿ, ಅರ್ಧ ಹಣವನ್ನು ನನ್ನ ಮುಂದೆ ಇಟ್ಟರು. ನಾನೂ ಎಣಿಸಿದೆನು. ಜೇಬಿನಿಂದ ನನ್ನ ಪುಸ್ತಕವನ್ನು ತೆಗೆದು, ಹೊಸ ಸಾಲಿನಲ್ಲಿ ದಿನಾಂಕವನ್ನು ಬರೆದು, ರಸೀದಿಯನ್ನು ಹರಿದು ಅವರ ಕೈಗೆ ಕೊಟ್ಟೆನು.